ಡೊಂಬಿವಲಿ ಫಾಸ್ಟ್, ಹನ್ನೊಂದು ತಿಂಗಳು, ಸಾಡೆ ಬಾರಾ ಟಕ್ಕೆ

ಹೋದ ವರ್ಷ ಗದಗದ ಕಡೆಯ ಹುಡುಗನೊಬ್ಬ ನಮ್ಮ ವಾಶಿ ಶಾಖೆಗೆ ಬಂದ. ಅವನ ಮೊದಲ ಪೋಸ್ಟಿಂಗು. ಎರಡು ಸೂಟ್‌ಕೇಸು, ಒಂದು ಚೀಲದ ತುಂಬ ಕಟಕ್ ರೊಟ್ಟಿ, ಜೊತೆಗೆ ವಯಸ್ಸಾದ ತಾಯಿ. ನಾನು ಕನ್ನಡದವನು ಅಂತ ಗೊತ್ತಾದ ಕೂಡಲೇ ಮುಖ ಅರಳಿಸಿಕೊಂಡು ಕೇಳಿದ: "ಸರ, ಇಲ್ಲೆ ಲೀಸಿಗೆ ಮನಿ ಸಿಗ್ತಾವೇನ್ರಿ?"

ನನಗೆ ನಗು ಬಂತು. ನಗು ನಿಂತ ಮೇಲೆ ಸ್ವಲ್ಪ ಸಂಕಟವೂ ಆಯಿತು. ಯಾಕೆಂದರೆ 1993ರಲ್ಲಿ ನಾನೂ ಇದೇ ಪ್ರಶ್ನೆ ಕೇಳಿ, ಕೈಗೆ ಬಂದಿದ್ದ ಒಂದು ಮನೆ ಕಳೆದುಕೊಂಡಿದ್ದೆ.

ನಾನು ಇತಿಹಾಸ ಓದಿದವನಲ್ಲ. ಶಿವಮೊಗ್ಗದಲ್ಲಿ ಬಿ.ಕಾಂ. ಮಾಡಿ, ಬ್ಯಾಂಕಿನ ಪರೀಕ್ಷೆ ಬರೆದು ಈ ಕಡೆ ಬಂದವನು. ಡೆಬಿಟ್ಟು ಕ್ರೆಡಿಟ್ಟು ಬಿಟ್ಟರೆ ಬೇರೆ ಶಾಸ್ತ್ರ ಗೊತ್ತಿಲ್ಲ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಅಂತ ಮೂವತ್ತು ವರ್ಷಕ್ಕೂ ಮೇಲೆ ಸುತ್ತಿದ ಮೇಲೆ ಒಂದು ವಿಷಯ ಮನದಟ್ಟಾಗಿದೆ. ಇಲ್ಲಿಯ ಜನ ಆಡುವ ಇಂಗ್ಲಿಷು ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷಲ್ಲ. ಪದ ಅದೇ, ಅರ್ಥ ಬೇರೆ. ಆ ಬೇರೆ ಅರ್ಥ ಸುಮ್ಮನೆ ಹುಟ್ಟಿದ್ದೂ ಅಲ್ಲ. ಒಂದೊಂದರ ಹಿಂದೆ ಒಂದು ಕಾಯಿದೆಯೋ, ಒಂದು ರೈಲು ಹಳಿಯೋ, ಒಂದು ದೊಡ್ಡ ಜಗಳವೋ ಇರುತ್ತದೆ. ಹೊಸಬರಿಗೆ ಅದು ಗೊತ್ತಿರುವುದಿಲ್ಲ. ಹಳಬರಿಗೆ ಮರೆತುಹೋಗಿರುತ್ತದೆ!

ಹೊಸಬರಿಗಾಗಿ ಪದಗಳನ್ನು ಕೂಡಿಡುವ ಕೆಲಸ ಹೊಸದೇನೂ ಅಲ್ಲ. ಆಗ ಫ್ಲೋರಾ ಫೌಂಟನ್ ಹತ್ತಿರ ಫುಟ್‌ಪಾತಿನ ಮೇಲೆ ಹಳೆ ಪುಸ್ತಕದ ಅಂಗಡಿಗಳ ಸಾಲೇ ಇತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಲ್ಲಿ ಓಡಾಡುವುದು ನನ್ನ ಚಟ. ಒಂದು ದಿನ 'ಹಾಬ್ಸನ್-ಜಾಬ್ಸನ್' ಎಂಬ ನಿಘಂಟಿನ ಮರುಮುದ್ರಣ ಸಿಕ್ಕಿತು. ಮೊದಲು ಅಚ್ಚಾದದ್ದು 1886ರಲ್ಲಿ. ಇಂಡಿಯಾದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ನಮ್ಮ ದೇಶದ ಪದಗಳ ದೊಡ್ಡ ಪಟ್ಟಿ ಅದು. ಬರೆದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಈ ಬರ್ನೆಲ್ ನಮಗೆ ಪೂರ್ತಿ ಅಪರಿಚಿತನಲ್ಲ ನೋಡಿ. ಮದ್ರಾಸ್ ಸಿವಿಲ್ ಸರ್ವಿಸ್‌ನವನು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಹೊರಬಂದದ್ದು ನಮ್ಮ ಮಂಗಳೂರಿನಿಂದ. ಪಾಪ, ನಿಘಂಟು ಅಚ್ಚಾಗುವ ಮೊದಲೇ, 1882ರಲ್ಲಿ ತೀರಿಕೊಂಡ.

ಆ ನಿಘಂಟಿನಲ್ಲಿ 'ಗ್ರಿಫಿನ್' ಅಂತ ಒಂದು ಪದವಿದೆ. ಈ ದೇಶಕ್ಕೆ ಹೊಸದಾಗಿ ಬಂದು, ಇಲ್ಲಿಯ ರೀತಿ ರಿವಾಜು ತಿಳಿಯದೆ ಕಣ್ಣು ಪಿಳಿಪಿಳಿ ಬಿಡುವ ದೊರೆಗೆ ಹಳೆ ದೊರೆಗಳು ಇಟ್ಟ ಹೆಸರು. ಹಳಬರಾದ ಮೇಲೂ ಅಡ್ಡಹೆಸರು ತಪ್ಪುತ್ತಿರಲಿಲ್ಲ. ಬಂಗಾಳದವರು 'ಕ್ವಾಯ್ ಹೈ', ಅಂದರೆ ಆಳನ್ನು 'ಕೋಯಿ ಹೈ' ಎಂದು ಕೂಗಿ ಕರೆಯುವವರು. ಮದ್ರಾಸಿನವರು 'ಮಲ್', ಮೆಣಸಿನ ಸಾರು ಮುಲಿಗಟಾನಿಯಿಂದ ಬಂದದ್ದು. ಬಾಂಬೆಯವರು 'ಡಕ್', ಇಲ್ಲಿಯ ಬೊಂಬಿಲ್ ಮೀನಿಗೆ ಬಾಂಬೆ ಡಕ್ ಎಂಬ ಹೆಸರಿತ್ತಲ್ಲ, ಅದರಿಂದ. ಅಂದರೆ ಊರಿನ ಅನ್ನ ತಿಂದವನಿಗೆ ಊರಿನ ಹೆಸರು!

ಇರಲಿ. ನನ್ನ ಗ್ರಿಫಿನ್‌ಗಿರಿಯ ಕಥೆಗೆ ಬರುತ್ತೇನೆ.

ಎಸ್ ಅಂದರೆ ಸ್ಲೋ ಅಲ್ಲ

ನಾನು ಬಂದದ್ದು 1993ರ ಜೂನ್ ತಿಂಗಳಲ್ಲಿ. ಮಾರ್ಚ್ 12ರ ಬಾಂಬ್ ಸ್ಫೋಟಗಳಾಗಿ ಮೂರು ತಿಂಗಳು. ಊರಿಗೆ ಇನ್ನೂ ಬಾಂಬೆ ಅಂತಲೇ ಹೆಸರು, ಮುಂಬಯಿ ಅಂತ ಅಧಿಕೃತವಾಗಿ ಬದಲಾದದ್ದು 1995ರಲ್ಲಿ. ಶಾಖೆ ಫೋರ್ಟಿನಲ್ಲಿ. ಫೋರ್ಟ್ ಅಂದರೆ ಕೋಟೆ ಇರಬೇಕು ಅಂದುಕೊಂಡು ಮೊದಲ ಭಾನುವಾರ ಹುಡುಕಿಕೊಂಡೂ ಹೋಗಿದ್ದೆ! ಕೋಟೆಯ ಗೋಡೆಗಳನ್ನು 1860ರ ದಶಕದಲ್ಲೇ ಕೆಡವಿ ಹಾಕಿದ್ದಾರೆ. ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ.

ಊರಿನವರೊಬ್ಬರ ಮನೆ ಭಾಂಡುಪಿನಲ್ಲಿತ್ತು. ತಾತ್ಕಾಲಿಕವಾಗಿ ಅಲ್ಲೇ ಇರುವ ಏರ್ಪಾಡು. "ವಿ.ಟಿ.ಯಲ್ಲಿ ಸ್ಲೋ ಹಿಡಿ, ಫಾಸ್ಟ್ ಹತ್ತಬೇಡ" ಅಂತ ಹೇಳಿ ಕಳಿಸಿದ್ದರು. ಸಂಜೆ ಆರೂವರೆಗೆ ವಿ.ಟಿ.ಗೆ ಬಂದೆ. ಆ ಜನಸಾಗರ ನೋಡಿ ಎದೆ ಧಸಕ್ಕೆಂದಿತು. ಇಂಡಿಕೇಟರಿನಲ್ಲಿ ದೊಡ್ಡದಾಗಿ 'ಎಸ್' ಅಂತ ಕಂಡಿತು. ಎಸ್ ಅಂದರೆ ಸ್ಲೋ, ಸರಿ, ಅಂತ ನುಗ್ಗಿದೆ. ನುಗ್ಗಿದೆ ಅನ್ನುವುದಕ್ಕಿಂತ ಹಿಂದಿನವರು ನುಗ್ಗಿಸಿದರು.

ದಾದರ್ ಬಂತು. ಕುರ್ಲಾ ಬಂತು. ಆಮೇಲೆ ನಿಲ್ಲಲೇ ಇಲ್ಲ! ಭಾಂಡುಪ್ ಎಂಬ ಬೋರ್ಡು ಕಣ್ಣೆದುರೇ ಮಿಂಚಿ ಮಾಯವಾಯಿತು. ಠಾಣೆಯಲ್ಲಿ ಇಳಿಯೋಣ ಅಂದರೆ ನಾನು ಒಳಗೆ, ಬಾಗಿಲು ಬಹುದೂರ. ಆಮೇಲೆ ಒಂದು ಕತ್ತಲೆಯ ಸುರಂಗ. ಅದು ಪಾರಸಿಕ್ ಸುರಂಗ, 1916ರದ್ದು, ಫಾಸ್ಟ್ ಗಾಡಿಗಳು ಆಗ ಅದರೊಳಗೇ ಹೋಗುತ್ತಿದ್ದವು. ಸುರಂಗ ದಾಟಿ ಮುಂದಿನ ದೊಡ್ಡ ಸ್ಟೇಷನ್ ಬಂದಾಗ ಅರ್ಧ ಡಬ್ಬಿಯೇ ಎದ್ದು ಇಳಿಯಿತು, ನನ್ನನ್ನೂ ಎತ್ತಿಕೊಂಡು. ತಲೆಯೆತ್ತಿ ನೋಡಿದರೆ ಡೊಂಬಿವಲಿ. ಇಳಿಸಿದ ಜನರಿಗೆ ಏನು ಗೊತ್ತಿತ್ತೋ, ಮುಂದೆ ಅದೇ ನನ್ನ ಊರಾಯಿತು.

ಮಾರನೆಯ ದಿನ ನಮ್ಮ ಹೆಡ್ ಕ್ಯಾಷಿಯರ್ ರಾಯರಿಗೆ ಇದನ್ನು ಹೇಳಿದೆ. ಅವರು ಕುಂದಾಪುರದ ಕಡೆಯವರು, ನಾನು ಬರುವ ಹೊತ್ತಿಗೆ ಬಾಂಬೆಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ನಗುತ್ತಾ ಕಾಗದದ ಮೇಲೆ ಬರೆದು ತೋರಿಸಿದರು. ಮೊದಲ ಅಕ್ಷರ ಗಾಡಿ ಹೋಗುವ ಊರಿನದು: ಠಾಣೆಗೆ ಟಿ, ಕಲ್ಯಾಣಕ್ಕೆ ಕೆ, ಅಂಬರನಾಥಕ್ಕೆ ಎ. ಕಲ್ಯಾಣದಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಈಶಾನ್ಯಕ್ಕೆ ಕಸಾರಾ ಕಡೆ, ನಾಸಿಕದ ದಾರಿ. ಇನ್ನೊಂದು ಆಗ್ನೇಯಕ್ಕೆ ಕರ್ಜತ್ ಕಡೆ, ಪುಣೆಯ ದಾರಿ. ಹಾಗಾಗಿ ಕಸಾರಾಕ್ಕೆ 'ಎನ್', ಕರ್ಜತ್‌ಗೆ 'ಎಸ್'. ಉತ್ತರ, ದಕ್ಷಿಣ ಅಂತ. ಸ್ಲೋ, ಫಾಸ್ಟ್ ಎಂಬುದು ಅದರ ಪಕ್ಕದ ಎರಡನೆಯ ಅಕ್ಷರ. ನಾನು ಹತ್ತಿದ್ದು ಕರ್ಜತ್ ಫಾಸ್ಟ್!

"ನಿಮಗೊಂದು ಮಾತು ಹೇಳ್ತೆ ಮಾರಾಯ್ರೆ," ಅಂದರು ರಾಯರು, "ಇಲ್ಲಿ ಸ್ಲೋ ಅಂದ್ರೆ ನಿಧಾನ ಅಲ್ಲ. ಎಲ್ಲ ಸ್ಟೇಷನ್ನಲ್ಲೂ ನಿಲ್ಲೂದು ಅಂತ ಅಷ್ಟೆ." ನಿಜ. ಈಗಲೂ ನಮ್ಮ ಕಡೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು "ಫಾಸ್ಟ್ ಲೇಟಿದೆ, ಸ್ಲೋ ಹಿಡಿದರೆ ಬೇಗ ಹೋಗಬಹುದು" ಅಂದರೆ ಯಾರೂ ನಗುವುದಿಲ್ಲ.

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿ ಬಂದರಿನಿಂದ ಠಾಣೆಗೆ, 34 ಕಿಲೋಮೀಟರ್ ಓಡಿತು. 1854ರಲ್ಲಿ ಹಳಿ ಕಲ್ಯಾಣ ಮುಟ್ಟಿತು. ಅಂದರೆ ಈ ಭಾಗದ ಜನ ಬಹಳ ಹಿಂದಿನಿಂದ ರೈಲಿನ ಇಂಗ್ಲಿಷ್ ಕೇಳುತ್ತಾ ಬಂದವರು. ಅದನ್ನು ಅಗಿದು ಅಗಿದು ತಮ್ಮ ಬಾಯಿಗೆ ಒಗ್ಗಿಸಿಕೊಂಡಿದ್ದಾರೆ. 'ಫೋರ್ತ್ ಸೀಟ್' ಅಂದರೆ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನು ಅರ್ಧ ಕುಂಡೆ ಊರಿ ಕೂರುವ ಜಾಗ. 'ರಿಟರ್ನ್ ಬರುವುದು' ಅಂದರೆ ಬೆಳಿಗ್ಗೆ ಡೊಂಬಿವಲಿಯವನು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಸೀಟು ಹಿಡಿದು ಮುಂದಕ್ಕೆ ಬರುವುದು. ಇನ್ನು, ನಿಂತವನು ಕೂತವನ ಕಡೆ ಹುಬ್ಬು ಹಾರಿಸಿ "ಘಾಟ್‌ಕೋಪರ್?" ಅಂದರೆ ಅದೊಂದು ಪೂರ್ತಿ ವಾಕ್ಯ: 'ಸ್ವಾಮಿ, ತಾವು ಘಾಟ್‌ಕೋಪರಿನಲ್ಲಿ ಇಳಿಯುತ್ತೀರಾ, ಇಳಿದರೆ ಆ ಸೀಟು ನನಗೆ' ಅಂತ. ಕೂತವನು ತಲೆಯಾಡಿಸಿದರೆ ಕರಾರು ಆದಂತೆ. ಬ್ಯಾಂಕಿನ ಗ್ಯಾರಂಟಿಗಿಂತ ಗಟ್ಟಿ. ಮೂವತ್ತು ವರ್ಷದಲ್ಲಿ ಒಬ್ಬನೂ ಈ ಮಾತಿಗೆ ತಪ್ಪಿದ್ದನ್ನು ನಾನು ನೋಡಿಲ್ಲ.

2005ರಲ್ಲಿ ನಿಶಿಕಾಂತ್ ಕಾಮತ್ ನಿರ್ದೇಶನದ 'ಡೊಂಬಿವಲಿ ಫಾಸ್ಟ್' ಎಂಬ ಮರಾಠಿ ಸಿನಿಮಾ ಬಂತು. ದಿನವೂ ಅದೇ ಗಾಡಿ, ಅದೇ ಡಬ್ಬಿ, ಅದೇ ಬ್ಯಾಗು, ಕೊನೆಗೊಂದು ದಿನ ಸಹನೆ ಕಟ್ಟೆಯೊಡೆಯುವ ಮನುಷ್ಯನ ಕಥೆ. ಆ ಕಥಾನಾಯಕ ಒಬ್ಬ ಬ್ಯಾಂಕ್ ನೌಕರ! ನೋಡಿಬಂದ ರಾತ್ರಿ ನನ್ನ ಹೆಂಡತಿ ನನ್ನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, "ನಾಳೆ ರಜಾ ಹಾಕ್ತೀರಾ?" ಅಂದಳು.

ಒಂದು ಸಣ್ಣ ಪದ ಹೇಳಿ ಮುಂದೆ ಹೋಗುತ್ತೇನೆ. ಇದು ಇಂಗ್ಲಿಷಲ್ಲ, ಮರಾಠಿ. ಬಸ್ಸಿನ ಕಂಡಕ್ಟರ್ ನನ್ನ ನೂರರ ನೋಟು ನೋಡಿ "ಸುಟ್ಟೆ ದ್ಯಾ" ಅಂದ. ಇವನು ಏನನ್ನು ಸುಟ್ಟ, ನನಗೆ ಯಾಕೆ ಹೇಳುತ್ತಿದ್ದಾನೆ ಅಂತ ಗಾಬರಿಯಾಯಿತು. ಸುಟ್ಟೆ ಅಂದರೆ ಚಿಲ್ಲರೆ ಕಾಸು! ಕ್ಯಾಷ್ ಕೌಂಟರಿನಲ್ಲಿ ಕೂರಬೇಕಾದವನಿಗೆ ಕಲಿಯಬೇಕಾದ ಮೊದಲ ಪದವೇ ಅದು.

ಲೀಸ್, ಲೈಸೆನ್ಸ್, ಹನ್ನೊಂದು ತಿಂಗಳು

ಈಗ ಆ ಕಳೆದುಹೋದ ಮನೆಯ ವಿಷಯ. ಭಾಂಡುಪಿನವರ ಮನೆಯಲ್ಲಿ ಎಷ್ಟು ದಿನ ಇರಲು ಸಾಧ್ಯ? ಮಳೆಗಾಲ ಮುಗಿಯುತ್ತಿದ್ದಂತೆ ಡೊಂಬಿವಲಿ ಪೂರ್ವದಲ್ಲಿ ಒಂದು 'ಒನ್ ರೂಮ್ ಕಿಚನ್, ಸೆಲ್ಫ್ ಕಂಟೈನ್ಡ್' ಇದೆ ಅಂತ ತಿಳಿಯಿತು. ಸೆಲ್ಫ್ ಕಂಟೈನ್ಡ್ ಎಂಬುದು ನಮ್ಮೂರಲ್ಲಿ ಕೇಳದ ಮಾತು. ಅರ್ಥ ಇಷ್ಟೇ: ಕಕ್ಕಸು ಮನೆಯೊಳಗೇ ಇದೆ. ಒಂದೊಂದು ಮಹಡಿಗೆ ಸಾಲಾಗಿ ಖೋಲಿಗಳು, ಎಲ್ಲರಿಗೂ ಸೇರಿ ಕೊನೆಯಲ್ಲಿ ಸಂಡಾಸು, ಇದು ಇಲ್ಲಿಯ ಚಾಳ್. ಅಂಥ ಚಾಳುಗಳಲ್ಲಿ ತಲೆಮಾರುಗಳು ಕಳೆದ ಜನಕ್ಕೆ ಒಳಗೇ ಕಕ್ಕಸು ಇರುವುದೇ ಜಾಹೀರಾತಿನ ಮಾತು.

ಮಾಲೀಕರು ಒಳ್ಳೆಯವರಂತೆ ಕಂಡರು. ಚಹಾ ಕೊಟ್ಟರು. ಬ್ಯಾಂಕಿನವನು ಎಂದು ಖುಷಿಪಟ್ಟರು. ಆಗ ನಾನು ನನ್ನ ಹರಕು ಹಿಂದಿಯಲ್ಲಿ "ಲೀಸ್ ಪೆ ದೇಂಗೆ ಕ್ಯಾ?" ಅಂದೆ. ನಮ್ಮ ಕಡೆ ಲೀಸ್ ಅಂದರೆ ಭೋಗ್ಯ. ಒಂದು ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಎರಡೋ ಮೂರೋ ವರ್ಷ ಇದ್ದು, ಬಿಡುವಾಗ ಮೊತ್ತ ವಾಪಸ್. ಅಪ್ಪ ಅಡಿಕೆ ಮಾರಿದ ದುಡ್ಡು ಸ್ವಲ್ಪ ಕೊಡುತ್ತೇನೆ ಅಂದಿದ್ದರು. ಅವರ ಮುಖ ತಕ್ಷಣ ಬದಲಾಯಿತು. "ನಾಳೆ ಹೇಳುತ್ತೇನೆ" ಅಂದರು. ಆ ನಾಳೆ ಬರಲೇ ಇಲ್ಲ.

"ಎಂಥದು, ಲೀಸ್ ಅಂತ ಕೇಳಿದ್ರಾ!" ರಾಯರು ಹಣೆ ಚಚ್ಚಿಕೊಂಡರು. "ಅವ ಬಾಗಿಲು ಹಾಕದೆ ಆರತಿ ಎತ್ತುತ್ತಾನಾ?"

ಆಮೇಲೆ ಅವರು ಬಿಡಿಸಿ ಹೇಳಿದ್ದು, ನಾನು ಮುಂದೆ ಸಾಲದ ವಿಭಾಗದಲ್ಲಿ ಕೂತು ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ. 1947ರಲ್ಲಿ ಬಾಂಬೆ ರೆಂಟ್ ಆಕ್ಟ್ ಬಂತು. ಯುದ್ಧ ಮುಗಿದಿತ್ತು, ದೇಶ ವಿಭಜನೆಯಾಗಿತ್ತು, ಊರು ತುಂಬಿ ತುಳುಕುತ್ತಿತ್ತು. ಬಡವರನ್ನು ಉಳಿಸಲು ಮಾಡಿದ ಕಾಯಿದೆ. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಮೂಲ ಬಾಡಿಗೆ ಅಂತ ಇಟ್ಟುಕೊಂಡರು. ಬಾಡಿಗೆ ಏರಿಸುವಂತಿಲ್ಲ, ಸುಲಭವಾಗಿ ಬಿಡಿಸುವಂತಿಲ್ಲ. ವರ್ಷಗಳು ಕಳೆದವು. ಎಲ್ಲದರ ಬೆಲೆ ಏರಿತು, ಆ ಬಾಡಿಗೆ ಮಾತ್ರ ನಿಂತಲ್ಲೇ ನಿಂತಿತು. ಮಾಲೀಕನಿಗೆ ರಿಪೇರಿಯ ಖರ್ಚೂ ಹುಟ್ಟದಾಯಿತು. ಆಗ ಕದ್ದುಮುಚ್ಚಿ ಒಂದು ದೊಡ್ಡ ಮೊತ್ತ ಕೈಬದಲಾಗತೊಡಗಿತು. ಅದಕ್ಕೆ 'ಪಗಡಿ' ಅಂತ ಹೆಸರು ಬಿತ್ತು. ಪಗಡಿ ಅಂದರೆ ಪೇಟ, ತಲೆಯ ಮೇಲಿನ ಮರ್ಯಾದೆ. ನನ್ನ ಕಿವಿಗೆ ಅದು ಮೊದಲು ಪಗಡೆ ಅಂತಲೇ ಕೇಳಿಸಿತ್ತು. ತೀರ ತಪ್ಪೇನಲ್ಲ ಅನಿಸುತ್ತದೆ. ಕಾಯಿದೆಯ ಪ್ರಕಾರ ಆ ದುಡ್ಡು ತೆಗೆದುಕೊಳ್ಳುವುದೇ ಅಪರಾಧ. ಆದರೂ ಊರಿಗೆ ಊರೇ ಆಡುತ್ತಿತ್ತು.

ಪಗಡಿ ಬೇಡದ ಮಾಲೀಕರು ಇನ್ನೊಂದು ದಾರಿ ಹುಡುಕಿದರು. ಬಾಡಿಗೆಗೆ ಕೊಡುವುದೇ ಬೇಡ, 'ಲೈಸೆನ್ಸ್' ಕೊಡೋಣ. ನಮ್ಮ ಮಲೆನಾಡಿನಲ್ಲಿ ಲೈಸೆನ್ಸ್ ಅಂದರೆ ಕೋವಿಗೆ ಮಾಡಿಸುವುದು. ಇಲ್ಲಿ ಮನೆಗೆ! 1882ರ ಈಸ್‌ಮೆಂಟ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಅಂದರೆ ಬರೀ ಅನುಮತಿ, ಆಸ್ತಿಯಲ್ಲಿ ಯಾವ ಹಕ್ಕೂ ಬರುವುದಿಲ್ಲ. ಬಾಡಿಗೆದಾರನಲ್ಲದ ಮೇಲೆ ರೆಂಟ್ ಆಕ್ಟ್ ಅಂಟುವುದಿಲ್ಲ. ಹೀಗೆ ಹುಟ್ಟಿದ್ದು 'ಲೀವ್ ಅಂಡ್ ಲೈಸೆನ್ಸ್'. ಆದರೆ 1973ರಲ್ಲಿ ಸರಕಾರ ತಿದ್ದುಪಡಿ ತಂದಿತು. ಆ ವರ್ಷದ ಫೆಬ್ರವರಿ 1ರಂದು ಯಾರು ಯಾರು ಲೈಸೆನ್ಸಿನ ಮೇಲೆ ಮನೆಯಲ್ಲಿದ್ದರೋ ಅವರೆಲ್ಲ ರಕ್ಷಣೆಯುಳ್ಳ ಬಾಡಿಗೆದಾರರಾದರು. ಮುನ್ನಾದಿನದವರೆಗೆ ಅತಿಥಿಯಂತಿದ್ದವನು ಬೆಳಗಾಗುವುದರಲ್ಲಿ ಒಕ್ಕಲಾದ. ಸಾವಿರಾರು ಜನಕ್ಕೆ ತಲೆಯ ಮೇಲೆ ಸೂರು ಖಾಯಂ ಆಯಿತು. ಮನೆ ಕೊಟ್ಟವರಿಗೆ ಎದೆಯಲ್ಲಿ ಭಯ ಖಾಯಂ ಆಯಿತು.

ಆ ಭಯಕ್ಕೆ ಒಂದು ಹೆಸರಿದೆ: ಹನ್ನೊಂದು ತಿಂಗಳು. 1908ರ ರಿಜಿಸ್ಟ್ರೇಷನ್ ಆಕ್ಟ್ ಪ್ರಕಾರ ಒಂದು ವರ್ಷ ಮೀರುವ ಲೀಸನ್ನು ನೋಂದಾಯಿಸಲೇಬೇಕು. ಅದಕ್ಕಿಂತ ಒಂದು ತಿಂಗಳು ಕಡಿಮೆ ಇಟ್ಟರೆ ಆ ಗೊಡವೆ ಇಲ್ಲ. ಹನ್ನೊಂದು ತಿಂಗಳಾದ ಕೂಡಲೇ ಎದ್ದೇಳು. ಆ ವಿಳಾಸಕ್ಕೆ ರೇಷನ್ ಕಾರ್ಡ್ ಮಾಡಿಸಬೇಡ, ಅದು ನಾಳೆ ಕೋರ್ಟಿನಲ್ಲಿ ಸಾಕ್ಷಿಯಾದೀತು. ಆಗ ರೇಷನ್ ಕಾರ್ಡ್ ಇಲ್ಲದವನಿಗೆ ಗ್ಯಾಸ್ ಕನೆಕ್ಷನ್ ಸಿಗುವುದೂ ಕಷ್ಟ. ಇಂಥ ಊರಿನಲ್ಲಿ ನಾನು ಹೋಗಿ ಲೀಸ್ ಕೇಳಿದ್ದೆ. ಅವರ ಕಿವಿಗೆ ಅದು 'ನಿಮ್ಮ ಮನೆ ನುಂಗಲು ಬಂದಿದ್ದೇನೆ' ಅಂತ ಕೇಳಿಸಿರಬೇಕು.

1995ರ ಜನವರಿಯಲ್ಲಿ, ಮದುವೆಯಾದ ಮೇಲೆ, ಡೊಂಬಿವಲಿಯಲ್ಲೇ ಇನ್ನೊಂದು ಮನೆ ಸಿಕ್ಕಿತು. ಈ ಸಲ ನಾಲಿಗೆ ಬಿಗಿಹಿಡಿದು "ಲೀವ್-ಲೈಸೆನ್ಸ್, ಹನ್ನೊಂದು ತಿಂಗಳು" ಅಂತಲೇ ಕೇಳಿದ್ದೆ. ಮಾಲೀಕರು ಅರವತ್ತು ದಾಟಿದ ಮರಾಠಿ ಮನುಷ್ಯ, ಮೊದಲು ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ನಾವು ಕಾಕಾ ಅನ್ನುತ್ತಿದ್ದೆವು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಹೋಗಿತ್ತು. ಪಕ್ಕದ ಖೋಲಿಯಲ್ಲಿ ತಾವಿದ್ದು, ಇದರ ಬಾಡಿಗೆಯಲ್ಲಿ ಬದುಕುತ್ತಿದ್ದರು. ಒಂದು ಸಲ ಕರಾರು ಹೊಸದು ಮಾಡಿದರು. 1996ರ ನವೆಂಬರಿಗೆ ಎರಡನೆಯ ಹನ್ನೊಂದು ತಿಂಗಳು ಮುಗಿಯುತ್ತಿತ್ತು. "ಇನ್ನು ಆಗೋದಿಲ್ಲ ಸಾಹೇಬ" ಅಂದುಬಿಟ್ಟರು.

ಮಗಳು ಒಂಬತ್ತು ತಿಂಗಳ ಕೂಸು. ಮನೆ ಬಿಡಬೇಕಾದ ದಿನ ಅವಳಿಗೆ ಮೈಸುಡುವ ಜ್ವರ, ಮೈತುಂಬ ಗುಳ್ಳೆ. ಹೊಸ ಮನೆಯವರು ಮಗುವಿಗೆ ಹುಷಾರಾಗುವವರೆಗೆ ಬರಬೇಡಿ ಅಂದರು. ಸಾಮಾನೆಲ್ಲ ಗಂಟು ಕಟ್ಟಿ ಆಗಿತ್ತು. ಹೆಂಡತಿ ಚಾಪೆಯ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಅಳಲಿಲ್ಲ. "ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇದ್ದಳು. ಈ ಊರಿನ ಮನೆಯಲ್ಲಿ ಹನ್ನೊಂದು ತಿಂಗಳು. ಎರಡು ತಿಂಗಳು ಜಾಸ್ತಿ ಕೊಡ್ತಾರೆ, ಅಷ್ಟೇ ವ್ಯತ್ಯಾಸ ಅಲ್ವಾ" ಅಂದಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಕಾಕಾರ ಬಾಗಿಲು ತಟ್ಟಿದೆ. ಅವರು ಬಂದು ಮಗುವನ್ನು ನೋಡಿದರು. ಕೆಳಗೆ ಟಪರಿಗೆ ಕರೆದುಕೊಂಡು ಹೋಗಿ ಎರಡು ಕಟಿಂಗ್ ಹೇಳಿದರು. ಆಗ ಅವರ ಬಾಯಿಂದ ಬಂದದ್ದು ಇದು. ಅವರ ಅಣ್ಣನಿಗೆ ಗಿರಗಾಂವಿನಲ್ಲಿ ಒಂದು ಬ್ಲಾಕ್ ಇತ್ತು. 1971ರಲ್ಲಿ ಯಾರಿಗೋ ಲೈಸೆನ್ಸಿನ ಮೇಲೆ ಕೊಟ್ಟು ತಾವು ಊರಿಗೆ ಹೋಗಿದ್ದರು. 1973 ಬಂತು. ತಿರುಗಿ ಬಂದಾಗ ಅದು ಅವರದಾಗಿ ಉಳಿದಿರಲಿಲ್ಲ. ಕೋರ್ಟು ಸುತ್ತಿ ಸುತ್ತಿ, ತಮ್ಮದೇ ಮನೆಯೊಳಗೆ ಮತ್ತೆ ಕಾಲಿಡದೆ ಸತ್ತರು. "ನಿಮ್ಮ ಮೇಲೆ ನನಗೆ ಸಂಶಯ ಇಲ್ಲ ಸಾಹೇಬ. ನನಗೆ ಹೆದರಿಕೆ ಕಾಗದದ್ದು" ಅಂದರು.

ಗ್ಲಾಸು ಕೆಳಗಿಟ್ಟು, "ಮುಲಗಿಗೆ ವಾಸಿಯಾಗುವವರೆಗೆ ಇರಿ" ಅಂದರು. ಏಳು ದಿನ ಇದ್ದೆವು. ಆ ಏಳು ದಿನಕ್ಕೆ ಯಾವ ಕರಾರೂ ಇರಲಿಲ್ಲ, ಸಹಿಯೂ ಇರಲಿಲ್ಲ. ಅಷ್ಟು ಹೆದರಿದ ಮನುಷ್ಯ ನಮಗಾಗಿ ಏಳು ರಾತ್ರಿ ಕಾಗದವಿಲ್ಲದೆ ಮಲಗಿದರು. ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ರಸೀದಿ ಕೊಡುವುದು ಬೇಡ ಅಂತಲೋ, ಪ್ರೀತಿಯಿಂದಲೋ, ನನಗೆ ಈಗಲೂ ಗೊತ್ತಿಲ್ಲ. ಎರಡೂ ಇರಬಹುದು.

ಸಾಡೆ ಬಾರಾ ಟಕ್ಕೆ

ಮುಂದೆ ನಾಲ್ಕು ಮನೆ ಬದಲಾಯಿಸಿ, 2001ರಲ್ಲಿ ಬ್ಯಾಂಕಿನ ಸಾಲದಲ್ಲಿ ಡೊಂಬಿವಲಿಯಲ್ಲಿ ಸ್ವಂತದ್ದು ಕೊಂಡೆ. ಇಲ್ಲಿ ಸ್ವಂತದ ಮನೆಗೆ 'ಓನರ್‌ಶಿಪ್' ಅನ್ನುತ್ತಾರೆ. "ಪಗಡೀಚಾ ಕಿ ಓನರ್‌ಶಿಪ್?" ಅಂತ ಕೇಳುತ್ತಾರೆ. 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲಾಟ್ಸ್ ಆಕ್ಟ್ ಆ ಪದವನ್ನು ಕಾಯಿದೆಗೇ ಏರಿಸಿತು.

ಅದಕ್ಕೂ ಮೊದಲು, 2000ದಲ್ಲಿ, ನನ್ನನ್ನು ನವಿ ಮುಂಬಯಿಯ ಒಂದು ಶಾಖೆಗೆ ಸಾಲದ ಅಧಿಕಾರಿಯಾಗಿ ಹಾಕಿದರು. ಅಲ್ಲಿ ಮತ್ತೆ ಗ್ರಿಫಿನ್! ಊರಿಗೆ ಊರು ಅನ್ನುವುದಿಲ್ಲ, 'ನೋಡ್' ಅನ್ನುತ್ತಾರೆ. ಬೀದಿಗೆ ಹೆಸರಿಲ್ಲ, 'ಸೆಕ್ಟರ್'. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಶ್ ಪಟೇಲ್ ಎಂಬ ಮೂವರು 1965ರಲ್ಲಿ ಖಾಡಿಯ ಆಚೆ ಹೊಸ ಊರು ಕಟ್ಟಿ ಅಂತ 'ಮಾರ್ಗ್' ಪತ್ರಿಕೆಯಲ್ಲಿ ಯೋಜನೆ ಮುಂದಿಟ್ಟಿದ್ದರು. 1970ರ ಮಾರ್ಚಿನಲ್ಲಿ ಸಿಡ್ಕೊ ಹುಟ್ಟಿತು. ನಕ್ಷೆ ಬರೆಯುವವರ ಪದಗಳೇ ತರಕಾರಿ ಮಾರುವವರ ಬಾಯಿಗೂ ಬಂದವು.

ಒಂದು ದಿನ ವಯಸ್ಸಾದ ಆಗ್ರಿ ರೈತರೊಬ್ಬರು ಮಗನ ಜೊತೆ ಬಂದರು. ಮಗನಿಗೆ ಮನೆ ಸಾಲ ಬೇಕು. ಅಜ್ಜ ಕಾಗದಗಳನ್ನು ಮೇಜಿನ ಮೇಲಿಟ್ಟು, "ಸಾಹೇಬ, ಸಾಡೆ ಬಾರಾ ಟಕ್ಕೆ" ಅಂದರು. ಟಕ್ಕೆ ಅಂದರೆ ಶೇಕಡ. ಹನ್ನೆರಡೂವರೆ ಪರ್ಸೆಂಟ್! ನಾನು ಬ್ಯಾಂಕಿನವನಲ್ಲವೇ, "ಬಡ್ಡಿ ಅಷ್ಟಕ್ಕೇ ಆಗುತ್ತೆ ಅಂತ ಹೇಳೋಕಾಗಲ್ಲ ಬಾಬಾ" ಅಂದೆ. ಮಗ ಗೊಳ್ಳೆಂದು ನಕ್ಕ. ಅಜ್ಜ ನಗಲಿಲ್ಲ.

ಆ ಹೊಸ ಊರಿಗಾಗಿ 95 ಹಳ್ಳಿಗಳ ಜಮೀನು ತೆಗೆದುಕೊಳ್ಳಲು ಹೊರಟಿದ್ದರು. ಭತ್ತದ ಗದ್ದೆ, ಉಪ್ಪಿನ ಆಗರ, ಮೀನಿನ ಖಾಡಿ. ಕೊಟ್ಟ ಪರಿಹಾರ ಸಾಲದು ಅಂತ ದಿ.ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿ 16 ಮತ್ತು 17ರಂದು ಉರಣ್ ತಾಲೂಕಿನ ಜಾಸಯಿ ಸುತ್ತಮುತ್ತ ಪೊಲೀಸರು ಗುಂಡು ಹಾರಿಸಿದರು. ಐವರು ರೈತರು ಸತ್ತರು. ಆ ಹೋರಾಟದ ಫಲವಾಗಿಯೇ ಮುಂದೆ, ತೆಗೆದುಕೊಂಡ ಜಮೀನಿನ ಹನ್ನೆರಡೂವರೆ ಶೇಕಡದಷ್ಟನ್ನು ಅಭಿವೃದ್ಧಿ ಮಾಡಿದ ಪ್ಲಾಟಾಗಿ ರೈತರಿಗೆ ವಾಪಸ್ ಕೊಡುವ ಯೋಜನೆ ಬಂತು. ಅದೇ ಸಾಡೆ ಬಾರಾ ಟಕ್ಕೆ. ನಾನು ಬಡ್ಡಿ ದರ ಅಂದುಕೊಂಡದ್ದು ಐದು ಜನರ ಪ್ರಾಣದ ಲೆಕ್ಕವಾಗಿತ್ತು. ಅಜ್ಜನ ಕ್ಷಮೆ ಕೇಳಿದೆ. "ನೀವು ಹೊಸಬರು, ಹೇಗೆ ಗೊತ್ತಾಗಬೇಕು" ಅಂದರು.

ಕಾಗದ ತಿರುವಿ ನೋಡಿದರೆ ಅಲ್ಲೂ ಅದೇ ಪದ: ಲೀಸ್! ಸಿಡ್ಕೊ ಪ್ಲಾಟುಗಳನ್ನು ಕೊಡುತ್ತಿದ್ದದ್ದು ಅರವತ್ತು ವರ್ಷದ ಲೀಸಿಗೆ. ನಮ್ಮೂರಲ್ಲಿ ಮೂರು ವರ್ಷ, ಡೊಂಬಿವಲಿಯಲ್ಲಿ ಬಾಯಿಬಿಟ್ಟರೆ ಬಾಗಿಲು ಬಂದ್, ಖಾಡಿ ದಾಟಿದರೆ ಅರವತ್ತು ವರ್ಷ. ಒಂದೇ ಪದ ನೋಡಿ!

ನನ್ನ ಬಾಯಿಗೆ ಬಂದ ಮಾತು

ಈಗ ಗದಗದ ಹುಡುಗನ ವಿಷಯಕ್ಕೆ ಬರುತ್ತೇನೆ. ಖಾರಘರದಲ್ಲಿ ನನ್ನದೊಂದು ಸಣ್ಣ ಫ್ಲಾಟ್ ಇದೆ, 2009ರಲ್ಲಿ ಕೊಂಡದ್ದು. ಆಗ ಖಾಲಿ ಇತ್ತು. ತೋರಿಸಿದೆ. ಅವನ ತಾಯಿ ಕಿಟಕಿಯಿಂದ ಗುಡ್ಡ ನೋಡಿ, "ಚಲೋ ಐತಿ, ಇಲ್ಲೇ ಇರೂಣು" ಅಂದರು. ನಾನು ಬಾಡಿಗೆ, ಡಿಪಾಸಿಟ್ ಹೇಳಿ, ಆಮೇಲೆ ಎಷ್ಟೋ ವರ್ಷದ ಅಭ್ಯಾಸ ಇದ್ದವನ ಹಾಗೆ, "ಹನ್ನೊಂದು ತಿಂಗಳು ಮಾತ್ರ ನೋಡಪ್ಪ" ಅಂದೆ.

"ಆಮ್ಯಾಲ ಏನ್ ಮಾಡೂದ್ರಿ ಸರ?" ಅಂದ ಹುಡುಗ.

ನನ್ನಲ್ಲಿ ಉತ್ತರವಿರಲಿಲ್ಲ. ಆ ಮಾತು ನನ್ನದಾಗಿರಲಿಲ್ಲ, ಕಾಕಾರದ್ದು. ಅವರಿಗಾದರೂ ಕಾರಣವಿತ್ತು. ನನಗೇನಿತ್ತು? 1999ರ ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಆಕ್ಟ್ 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಲೀವ್-ಲೈಸೆನ್ಸ್ ಕರಾರು ಎಷ್ಟೇ ತಿಂಗಳಿನದಾದರೂ ಬರವಣಿಗೆಯಲ್ಲಿರಬೇಕು, ನೋಂದಾಯಿಸಲೇಬೇಕು. ಅಂದರೆ ಹನ್ನೊಂದು ತಿಂಗಳಿಟ್ಟು ಉಳಿಸುವುದು ಏನೂ ಇಲ್ಲ. ಅವಧಿ ಮುಗಿದ ಮೇಲೂ ಬಿಡದವನು ಎರಡರಷ್ಟು ಹಣ ಕಟ್ಟಬೇಕು. ಬೇಗ ತೆರವು ಮಾಡಿಸಲು ಬೇರೆ ದಾರಿಯೇ ಇದೆ. ಹೋದ ತಿಂಗಳಷ್ಟೇ ಒಬ್ಬ ಗ್ರಾಹಕರಿಗೆ ಕೌಂಟರಿನಲ್ಲಿ ಕೂತು ಇದನ್ನೆಲ್ಲ ನಾನೇ ವಿವರಿಸಿದ್ದೆ. ಕಾಯಿದೆ ಬದಲಾಗಿ ಇಪ್ಪತ್ತು ವರ್ಷ ದಾಟಿದೆ. ಬಾಯಿಯ ಮಾತು ಬದಲಾಗಿಲ್ಲ.

ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಅನ್ನ ಬಡಿಸುತ್ತಾ, "ಎರಡು ತಿಂಗಳು ಜಾಸ್ತಿ ಕೊಟ್ಟಿದ್ದೀರಲ್ಲ, ಪುಣ್ಯವಂತರು" ಅಂದಳು. ಊಟ ಗಂಟಲಲ್ಲಿ ಇಳಿಯಲಿಲ್ಲ.

ಮಾರನೆಯ ದಿನ ಮೂವತ್ತಾರು ತಿಂಗಳಿಗೆ ಕರಾರು ಮಾಡಿಸಿದೆ. ಸ್ಟ್ಯಾಂಪ್ ಡ್ಯೂಟಿ ಬರೀ 0.25 ಶೇಕಡ, ಅದನ್ನೂ ನಾನೇ ಕಟ್ಟಿದೆ. ಹೆಬ್ಬೆಟ್ಟಿನ ಗುರುತು, ಫೋಟೋ, ಎಲ್ಲ ಕಂಪ್ಯೂಟರಿನಲ್ಲೇ ಆಯಿತು. ಆ ವಿಳಾಸಕ್ಕೆ ಗ್ಯಾಸ್ ಮಾಡಿಸಿಕೋ, ಆಧಾರ್ ಬದಲಾಯಿಸಿಕೋ ಅಂದೆ. ಅವನಿಗೆ ಇದರಲ್ಲಿ ಏನು ವಿಶೇಷ ಅಂತ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ಒಳ್ಳೆಯದೇ.

ಅವನಿಗೆ ಸುಟ್ಟೆ ಹೇಳಿಕೊಟ್ಟಿದ್ದೇನೆ, ಫೋರ್ತ್ ಸೀಟ್ ಹೇಳಿಕೊಟ್ಟಿದ್ದೇನೆ, ಸಾಡೆ ಬಾರಾ ಟಕ್ಕೆ ಅಂದರೆ ಏನೆಂದು ಕೂರಿಸಿಕೊಂಡು ಹೇಳಿದ್ದೇನೆ. ಎಸ್ ಅಂದರೆ ಕರ್ಜತ್ ಅಂತ ಮಾತ್ರ ಇನ್ನೂ ಹೇಳಿಲ್ಲ. ಅದನ್ನು ಒಂದು ಸಲ ತಪ್ಪು ಗಾಡಿ ಹತ್ತಿಯೇ ಕಲಿಯಲಿ ಬಿಡಿ!